ಜೋಕಾಲಿ ಕರೆಂಟು

ಬುದ್ಧಪ್ರಿಯ ಮಾಸ್ತರರು ಶುಕ್ರವಾರ ರಾತ್ರಿ ಮೊಬೈಲನ್ನು ಚಾರ್ಜಿಗೆ ಹಾಕಿದ್ದು ನಿಜ. ಒತ್ತಿದ್ದು ಮಾತ್ರ ಪಕ್ಕದ ಫ್ಯಾನಿನ ಸ್ವಿಚ್ಚು. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಒಂದು ಪರ್ಸೆಂಟಿಗೆ ಇಳಿದಿತ್ತು, ಫ್ಯಾನೂ ನಿಂತಿತ್ತು. ಕಡೇಚೂರಿಗೆಲ್ಲ ಲೈನ್ ರಿಪೇರಿಯಂತೆ, ಸಂಜೆ ಐದರತನಕ ಕರೆಂಟು ಬರುವುದಿಲ್ಲವಂತೆ ಎಂದು ಮನೆಯೊಡತಿ ಶೇಖಮ್ಮ ಸುದ್ದಿ ತಂದಳು. ಇದ್ದ ಒಂದನ್ನಾದರೂ ಉಳಿಸಿಕೊಳ್ಳೋಣವೆಂದು ಮಾಸ್ತರರು ಫೋನು ಆಫ್ ಮಾಡಿ ಜೇಬಿಗೆ ಹಾಕಿಕೊಂಡು, ಶನಿವಾರದ ಮುಂಜಾನೆ ಶಾಲೆಗೆ ಹೋದರು. ಮಧ್ಯಾಹ್ನ ತಮ್ಮ ಬಾಡಿಗೆ ಖೋಲಿಗೆ ಬಂದು ತೆಗೆದು ನೋಡಿದರೆ ಅದು ಪೂರ್ತಿ ಸತ್ತಿತ್ತು.

ಬೇರೆ ದಿನವಾಗಿದ್ದರೆ ಅವರು ಹಾಯಾಗಿ ಮಲಗುತ್ತಿದ್ದರು. ಇವತ್ತು ವರ್ಗಾವಣೆಯ ದಿನ. ಮೂರರಿಂದ ನಾಲ್ಕರೊಳಗೆ ಫೋನಿಗೆ ಓಟಿಪಿ ಬರಬೇಕು, ಅದನ್ನು ಹಾಕಿ ಬೇಕಾದ ಊರನ್ನು ಒತ್ತಬೇಕು. ಒತ್ತದಿದ್ದರೆ ಈ ವರ್ಷದ ಅವಕಾಶ ಹೋಯಿತು. ಒತ್ತಿದರೆ ಮೂರು ವರ್ಷ ಅಲ್ಲಾಡುವಂತಿಲ್ಲ.

ಅವರ ಹೆಂಡತಿ ಪರಿಮಳಾ ಹುಣಸಗಿಯ ಆಸ್ಪತ್ರೆಯಲ್ಲಿ ನರ್ಸು. ಏಳು ವರ್ಷಗಳಿಂದ ಪ್ರತಿ ಶನಿವಾರ ಮಾಸ್ತರರು ಯಾದಗಿರಿ, ಶಹಾಪುರ, ಸುರಪುರ ಎಂದು ಬಸ್ಸು ಬದಲಿಸುತ್ತ ಹೋಗಿ, ಭಾನುವಾರ ಹಾಗೇ ಬದಲಿಸುತ್ತ ಬರುತ್ತಿದ್ದರು. ಹೆಂಡತಿಯ ಮುಖಕ್ಕಿಂತ ಕಂಡಕ್ಟರುಗಳ ಮುಖವನ್ನೇ ಹೆಚ್ಚು ನೋಡಿದ್ದರು. ಪ್ರತಿ ವರ್ಷ ಆಸೆ ಹುಟ್ಟುವುದು, ಲಿಸ್ಟಿನಲ್ಲಿ ಹೆಸರಿಲ್ಲದೆ ಇಬ್ಬರೂ ಎರಡು ದಿನ ಮುನಿಸಿಕೊಳ್ಳುವುದು ರೂಢಿಯಾಗಿತ್ತು. ಹೋದ ವರ್ಷ ಪರಿಮಳಾ ಖಡಾಖಂಡಿತ ಹೇಳಿದ್ದಳು: "ಆರ್ಡರ್ ಕೈಗೆ ಬರೋತನಕ ಟ್ರಾನ್ಸ್‌ಫರ್ ಸುದ್ದಿ ಎತ್ತಬ್ಯಾಡ್ರಿ. ನಾನೂ ಎತ್ತಂಗಿಲ್ಲ." ಹಾಗಾಗಿ ಇವತ್ತಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಮಾಸ್ತರರ ಸಂಕಟ ಕೇಳಿ ಶೇಖಮ್ಮ ಸುಮ್ಮನೆ ಕೂರುವವಳಲ್ಲ. ಎದುರುಮನೆಯ ಲಾಡ್ಲೇಸಾಬನಿಗೆ ಹೇಳಿ ಅವನ ಟಂಟಂ ಆಟೋ ತರಿಸಿ ಅಂಗಳದಲ್ಲಿ ನಿಲ್ಲಿಸಿದಳು, ಸೀಟು ಎತ್ತಿಸಿ ಬ್ಯಾಟರಿ ತೋರಿಸಿದಳು. ಮಾಸ್ತರರು ಕೈಕಾಲು ತೊಳೆದು ಬರುವಷ್ಟರಲ್ಲಿ ಅವರ ಚಾರ್ಜರಿನ ಎರಡು ಪಿನ್ನುಗಳಿಗೆ ಎರಡು ವೈರು ಸುತ್ತಿ ಬ್ಯಾಟರಿಗೆ ಮುಟ್ಟಿಸಿಯೂ ಆಗಿತ್ತು. ಫೋನು ಮಿಸುಕಲಿಲ್ಲ.

"ಬರಂಗಿಲ್ಲ ಯಮ್ಮ. ಗ್ವಾಡಿಯಾಗಿಂದು ಎಸಿ, ಇದು ಡಿಸಿ," ಎಂದರು ಮಾಸ್ತರರು.

"ಎರಡೂ ಕರೆಂಟೇ ಅಲ್ಲೇನ್ರಿ?"

ಮಾಸ್ತರರು ಹದಿನೈದು ವರ್ಷ ವಿಜ್ಞಾನ ಕಲಿಸಿದವರು. ಇಂಥ ಪ್ರಶ್ನೆಯನ್ನು ಹಾಗೇ ಬಿಟ್ಟುಹೋಗುವುದು ಅವರಿಂದಾಗದ ಮಾತು. ಡಿಸಿ ಎಂದರೆ ನಾರಾಯಣಪುರದ ಕಾಲುವೆಯ ನೀರಿದ್ದಂತೆ, ಹೊರಟಿತೆಂದರೆ ಒಂದೇ ದಿಕ್ಕಿಗೆ ಹೋಗಿ ಮುಟ್ಟುತ್ತದೆ ಎಂದರು. ಎಸಿ ಎಂದರೆ ಜೋಕಾಲಿ, ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತದೆ. ಫೋನಿನ ಹೊಟ್ಟೆಗೆ ಡಿಸಿಯೇ ಬೇಕು, ಅದೂ ಐದು ವೋಲ್ಟು. ಗೋಡೆಯ ಚಾರ್ಜರು ಜೋಕಾಲಿಯನ್ನು ಹಿಡಿದು ನಿಲ್ಲಿಸಿ, ಕಾಲುವೆ ಮಾಡಿ, ತಗ್ಗಿಸಿ ಕೊಡುತ್ತದೆ. ಅದಕ್ಕೆ ಹನ್ನೆರಡು ವೋಲ್ಟಿನ ಬ್ಯಾಟರಿ ಹಚ್ಚಿದರೆ ಕೆಲಸ ಮಾಡುವುದಿಲ್ಲ, ಬ್ಯಾಟರಿಯನ್ನೇ ಫೋನಿಗೆ ಹಚ್ಚಿದರೆ ಫೋನು ಸುಟ್ಟುಹೋಗುತ್ತದೆ. ಇಷ್ಟನ್ನೂ ಅವರು ಇದ್ದಿಲಿನಿಂದ ಅಂಗಳದ ಹಾಸುಗಲ್ಲಿನ ಮೇಲೆ ಚಿತ್ರ ಬರೆದು ತೋರಿಸಿದರು.

ಶೇಖಮ್ಮ ಬಹಳ ಹೊತ್ತು ಆ ಚಿತ್ರ ನೋಡಿದಳು. "ಹೋಗಿ ಬಂದು, ಹೋಗಿ ಬಂದು ಮಾಡಿದ್ರ ಎಸಿ ಮುಟ್ಟೋದಾರ ಎಲ್ಲಿಗ್ರಿ?"

"ಎಲ್ಲಿಗೂ ಮುಟ್ಟಂಗಿಲ್ಲ. ಆದ್ರ ಕೆಲಸ ನಡೀತದ."

ಗಡಿಯಾರ ನೋಡಿದರೆ ಮೂರೂವರೆ. ಆಗ ಲಾಡ್ಲೇಸಾಬ ಮೆಲ್ಲಗೆ ಟಂಟಂನ ಹ್ಯಾಂಡಲ್ ಹತ್ತಿರ ಹೋಗಿ, ಇಳಿಬಿಟ್ಟ ಹೂಮಾಲೆ ಸರಿಸಿ ಒಂದು ಸಣ್ಣ ಯುಎಸ್‌ಬಿ ತೂತು ತೋರಿಸಿದ. ದಿನಾ ತನ್ನ ಫೋನನ್ನು ಅಲ್ಲಿಯೇ ಚಾರ್ಜ್ ಮಾಡುತ್ತಾನಂತೆ.

"ಮೊದಲೇ ಯಾಕ ಹೇಳಲಿಲ್ಲೋ?"

"ನೀವು ಪಾಠ ಹೇಳಾಕತ್ತಿದ್ರಿ. ನಡುವ ಬಾಯಿ ಹಾಕೋದು ಬರೋಬ್ಬರಿ ಅಲ್ಲಂತ ಸುಮ್ಮನಿದ್ದೆ."

ಚಾರ್ಜರಿನಿಂದ ಫೋನಿನ ವೈರು ಬಿಚ್ಚಿ ಆ ತೂತಿಗೆ ಸಿಕ್ಕಿಸಿದ ಮೇಲೆ ಫೋನಿಗೆ ಜೀವ ಬರಲು ಹತ್ತು ನಿಮಿಷ ಹಿಡಿಯಿತು. ತೆರೆಯ ಮೇಲೆ ಮೊದಲು ಬಂದದ್ದು ಪರಿಮಳಾಳ ಮಿಸ್ಡ್ ಕಾಲುಗಳ ಮೆಸೇಜು, ಒಟ್ಟು ಹನ್ನೊಂದು ಕಾಲು. ಮೊದಲು ಅಕ್ಕೋರಿಗೆ ಫೋನ್ ಹಚ್ಚಿರಿ ಎಂದು ಶೇಖಮ್ಮ ಹೇಳಿದಳು. ಊರಿಗೆ ಬರುವಾಗ ಏನಾದರೂ ತರಲು ಹೇಳಿರಬೇಕು, ಮೊದಲು ಆರ್ಡರು ಎಂದರು ಮಾಸ್ತರರು. ಓಟಿಪಿ ಬಂತು. ಹುಣಸಗಿಯ ಶಾಲೆಯೊಂದು ಖಾಲಿ ಇತ್ತು. ಅದನ್ನೇ ಒತ್ತಿದರು. ನಾಲ್ಕಕ್ಕೆ ಎಂಟು ನಿಮಿಷ ಇದ್ದಾಗ ಆರ್ಡರು ಬಂತು. ಮಾಸ್ತರರ ಕಣ್ಣು ತುಂಬಿತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಶೇಖಮ್ಮ ಒಳಗೆ ಹೋಗಿ ಸಕ್ಕರೆ ತಂದಳು.

ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಅವರು ಹೆಂಡತಿಗೆ ಫೋನು ಹಚ್ಚಿದರು. "ಪರಿಮಳಾ, ಆರ್ಡರ್ ಬಂತು. ಹುಣಸಗಿ."

ಆ ಕಡೆ ಬಸ್ಸಿನ ಸದ್ದು ಕೇಳಿಸಿತು.

"ಯಾವಾಗ ಒತ್ತಿದ್ರಿ?" ಎಂದು ಅವಳು ಕೇಳಿದಳು.

"ಈಗ. ಐದು ನಿಮಿಷ ಆತು."

"ನಾನೂ ಅರ್ಜಿ ಹಾಕಿದ್ದೆ, ನಮ್ಮ ಇಲಾಖಿ ಆರ್ಡರ್ ಮುಂಜಾನಿ ಹತ್ತಕ್ಕ ಬಂತ್ರಿ. ನನ್ನ ಕಡೇಚೂರಿಗೆ ಹಾಕ್ಯಾರ. ಹೇಳೂಣಂತ ಹನ್ನೊಂದು ಸಲ ಫೋನ್ ಮಾಡೇನಿ."

ಮಾಸ್ತರರು ಟಂಟಂನ ಅಂಚಿನ ಮೇಲೆ ಕುಳಿತರು. ರಾತ್ರಿ ಸರಿಯಾದ ಸ್ವಿಚ್ಚು ಒತ್ತಿದ್ದರೆ ಅವಳ ಮಾತು ಹತ್ತಕ್ಕೇ ಕೇಳಿಸುತ್ತಿತ್ತು. ಫೋನು ಸತ್ತೇ ಇದ್ದಿದ್ದರೂ ಸಾಕಿತ್ತು. ಇನ್ನು ಅರ್ಧ ಗಂಟೆ ಪಾಠ ಹೇಳಿದ್ದರೆ ಸಂಸಾರ ಒಂದೂರಿಗೆ ಸೇರುತ್ತಿತ್ತು. ಜನ್ಮದಲ್ಲಿ ಒಂದೇ ಒಂದು ಪಾಠವನ್ನು ಅವರು ಬೇಗ ಮುಗಿಸಿದ್ದರು.

"ಇವತ್ತಾರ ಎಲ್ಲೂ ಹೊಂಡಬ್ಯಾಡ್ರಿ, ಅಲ್ಲೇ ಕುಂದರ್ರಿ," ಎಂದಳು ಪರಿಮಳಾ. ಸಿಟ್ಟಿರಲಿಲ್ಲ, ದಣಿದ ದನಿ. "ನಾ ಬರಾಕತ್ತೇನಿ. ಶಹಾಪುರ ದಾಟೇನಿ."

ಐದಕ್ಕೆ ಕರೆಂಟು ಬಂತು. ಖೋಲಿಯೊಳಗೆ ಯಾರೂ ಇಲ್ಲದೆ ಫ್ಯಾನು ತಿರುಗತೊಡಗಿತು. ಶೇಖಮ್ಮ ಹಾಸುಗಲ್ಲಿನ ಮೇಲಿನ ಚಿತ್ರವನ್ನೇ ನೋಡುತ್ತ ಕುಳಿತಿದ್ದಳು.

"ಮಾಸ್ತರ, ಎಲ್ಲಿಗೂ ಮುಟ್ಟಂಗಿಲ್ಲ, ಆದ್ರ ಕೆಲಸ ನಡೀತದ ಅಂದ್ರಲ್ಲ, ಅದು ಯಾವುದ್ರಿ?"

"ಎಸಿ, ಯಮ್ಮ."

"ಹಂಗಾದ್ರ ಹುಣಸಗಿಗೆ ಹೋಗೂಮುಂದ ಖೋಲಿ ಕೀಲಿ ನನಗ ಕೊಡಬ್ಯಾಡ್ರಿ. ಅಕ್ಕೋರ ಕೈಯಾಗ ಕೊಟ್ಟು ಹೋಗ್ರಿ."

ಮಾಸ್ತರರು ಒಳಗೆ ಹೋಗಿ ಚಾರ್ಜರನ್ನು ಗೋಡೆಗೆ ಸಿಕ್ಕಿಸಿ, ಎರಡು ಸಲ ನೋಡಿ, ಸರಿಯಾದ ಸ್ವಿಚ್ಚನ್ನೇ ಒತ್ತಿದರು.