ಹುಡುಗನ ತೂಕದ ಗಳ

ಗಳ ಊರಿ ಮೇಲೆ ಹೋದ ಹುಡುಗರು ಮರಳಿ ಕೆಳಗೇ ಬರುತ್ತಾರೆ ಎಂಬ ಸಂಗತಿ 1964ನೇ ಇಸವಿಯಲ್ಲಿ ಶಾಲಾ ಜಿಗಿತ ಸುರಕ್ಷತಾ ಕಚೇರಿಯ ಗಮನಕ್ಕೆ ಬಂದಿತು. ಕಚೇರಿ ಕಳವಳಗೊಂಡಿತು. ಹಳಿಯಾಳದ ಕಡೆ ಎಲ್ಲೋ ಒಬ್ಬ ಹುಡುಗನ ಬಿದಿರು ಪೋಲ್‌ವಾಲ್ಟ್ ಪಂದ್ಯದಲ್ಲಿ ಮುರಿದು, ಅದರ ಜೊತೆಗೆ ಅವನ ಮುಂಗೈಯೂ ಮುರಿದಿತ್ತು. ಗಳವು ಜಿಗಿಯುವವನ ಭಾರ ತಾಳುವಂತಿರಬೇಕು ಎಂದು ತಿಳಿದವರೊಬ್ಬರು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಅದು ಕನ್ನಡಕ್ಕೆ ಬರುವಷ್ಟರಲ್ಲಿ ಹೀಗಾಯಿತು: "ಗಳದ ತೂಕವು ಜಿಗಿಯುವವನ ತೂಕಕ್ಕಿಂತ ಕಡಿಮೆ ಇರತಕ್ಕದ್ದಲ್ಲ."

ದಾಂಡೇಲಿಯ ಒಂದು ಹೈಸ್ಕೂಲಿನ ಡ್ರಿಲ್ ಮಾಸ್ತರ ಚನಬಸಪ್ಪನಿಗೆ ಇದನ್ನು ಓದಿ ಚಿಂತೆ ಹತ್ತಿತು. ಅವನ ಇಡೀ ನೌಕರಿಯಲ್ಲಿ ಸಿಕ್ಕ ಒಬ್ಬನೇ ಒಬ್ಬ ಜಿಗಿತಗಾರ ತಾಜುದ್ದೀನ. ಮಿಲ್ಲಿನ ಕಾರ್ಮಿಕನ ಮಗ, ಹನ್ನೊಂದನೇ ಇಯತ್ತೆ, ಕಡ್ಡಿಯಂಥ ಮೈ. ಅವನು ಬಿದಿರು ಊರಿ ಮೇಲೆದ್ದರೆ ಚನಬಸಪ್ಪ ಸೀಟಿ ಊದುವುದನ್ನೇ ಮರೆಯುತ್ತಿದ್ದ. ಜಿಲ್ಲಾ ಪಂದ್ಯದಲ್ಲಿ ಗೆದ್ದರೆ ಮುಂದೆ ಕಾಲೇಜು, ಸೋತರೆ ಮಿಲ್ಲಿನ ಶಿಫ್ಟು ಎಂದು ಅವನ ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ.

"ಸರ, ಈ ಬಿದಿರು ಗಟ್ಟಿ ಐತಲ್ರೀ?" ಎಂದ ತಾಜುದ್ದೀನ.

"ಗಟ್ಟಿ ಐತಪಾ. ಆದ್ರ ನಿನ್ನಷ್ಟು ತೂಕ ಇಲ್ಲ."

ಕುಳಗಿ ಹಾದಿಯ ಸರಕಾರಿ ಕಟ್ಟಿಗೆ ಡಿಪೋದಿಂದ ಸಾಗವಾನಿ ದಿಮ್ಮಿಯೊಂದು ಬಂದಿತು. ಅದು ತೂಕದಲ್ಲಿ ತಾಜುದ್ದೀನನಿಗೆ ಸರಿಸಮನಾಗಿತ್ತು. ಅದನ್ನು ಅವನು ತಬ್ಬಿಕೊಳ್ಳಬಲ್ಲ, ಎತ್ತಲಾರ. ನಾಲ್ವರು ಗೆಳೆಯರು ಕೈ ಹಚ್ಚಿದರು. ತಪಾಸಣೆಗೆ ಬಂದಿದ್ದ ಸುರಕ್ಷತಾ ಅಧಿಕಾರಿ ಬಸಲಿಂಗಯ್ಯ ಕನ್ನಡಕ ಸರಿಪಡಿಸಿಕೊಂಡರು.

"ಗಳ ಹಿಡದವ್ರೆಲ್ಲಾ ಜಿಗಿಯವ್ರು ಅಂತ ಲೆಕ್ಕ. ಐದೂ ಮಂದಿ ತೂಕ ಕೂಡಿಸ್ರಿ."

ಕೂಡಿಸಿದಾಗ ದಿಮ್ಮಿ ಹಗುರಾಯಿತು. ಇನ್ನೂ ದೊಡ್ಡದನ್ನು ತಂದರು. ಅದನ್ನೆತ್ತಲು ಇನ್ನಷ್ಟು ಹುಡುಗರು ಬೇಕಾದರು. ಅವರ ತೂಕ ಸೇರಿದ್ದರಿಂದ ಮತ್ತೂ ದೊಡ್ಡ ದಿಮ್ಮಿ ಬಂದಿತು. ಹೀಗೆ ಇಯತ್ತೆಯ ಹುಡುಗರೆಲ್ಲ ಮುಗಿದ ಮೇಲೆ ತಾಜುದ್ದೀನನ ಚಾಚಾ ಅಬ್ದುಲ್ ರಜಾಕನಿಗೆ ಕನಿಕರ ಬಂದಿತು. ಅವನು ಅದೇ ಡಿಪೋದಲ್ಲಿ ಮಾವುತ. ಅಲ್ಲಿ ದಿಮ್ಮಿ ಎಳೆಯುವ ಗಿರಿಜಾಬಾಯಿ ಎಂಬ ಆನೆಯನ್ನು ಮೈದಾನಕ್ಕೆ ಹೊಡೆದುಕೊಂಡು ಬಂದ. ಗಿರಿಜಾಬಾಯಿ ದಿಮ್ಮಿಯನ್ನು ಸೊಂಡಿಲಿನಲ್ಲಿ ಎತ್ತಿ, ಎಲ್ಲಿಡಲಿ ಎಂಬಂತೆ ನಿಂತಳು.

ಬಸಲಿಂಗಯ್ಯ ಆಕೆಯನ್ನು ಕಾಲಿನಿಂದ ಕಿವಿಯವರೆಗೆ ನೋಡಿ ಕೇಳಿದರು: "ಇವ್ರು ಯಾವ ಇಯತ್ತೆ?"

"ಸಾಹೇಬ್ರ, ಇದು ಆನಿ ಐತ್ರಿ," ಎಂದ ರಜಾಕ.

"ಆನಿ ಜಿಗೀಬಾರದು ಅಂತ ನಿಯಮದಾಗ ಎಲ್ಲೈತಿ? ಹೊರಗಿನವ್ರು ಇರಬಾರದು, ಅಷ್ಟ."

ಹೆಡ್‌ಮಾಸ್ತರರಿಗೆ ಜಿಲ್ಲಾ ಪಂದ್ಯದಲ್ಲಿ ಗೆದ್ದ ಶಾಲೆಗೆ ಕೊಡುವ ಢಾಲು ಬೇಕಾಗಿತ್ತು. ಅಂದೇ ಗಿರಿಜಾಬಾಯಿಯನ್ನು ಶಾಲೆಗೆ ಸೇರಿಸಿಕೊಂಡರು. ಆಕೆಯ ತೂಕಕ್ಕೆ ಸಾಟಿಯಾಗುವ ಒಂದು ಮರ ಡಿಪೋದಲ್ಲಿ ಇರಲಿಲ್ಲವಾದ್ದರಿಂದ, ಅನೇಕ ದಿಮ್ಮಿಗಳಿಗೆ ಸರಪಳಿ ಬಿಗಿದು, ಅದು ಒಂದೇ ಗಳವೆಂದು ಬಸಲಿಂಗಯ್ಯ ಘೋಷಿಸಿದರು.

ಪಂದ್ಯದ ದಿನ ಮೈದಾನದ ಸುರಕ್ಷತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬಿದ್ದವರಿಗೆ ಮೆತ್ತಗಾಗಲೆಂದು ಗುಂಡಿಗೆ ಕಟ್ಟಿಗೆ ಹೊಟ್ಟು ತುಂಬಿದ್ದರು. ಹೊಟ್ಟು ಹಾರಿ ಕಣ್ಣಿಗೆ ಬೀಳಬಾರದೆಂದು ನೀರು ಹೊಡೆದಿದ್ದರು. ನೀರಿನಲ್ಲಿ ಯಾರೂ ಜಾರಬಾರದೆಂದು ಮೇಲೆ ಜಲ್ಲಿಕಲ್ಲು ಹರವಿದ್ದರು.

ಬೇರೆ ಶಾಲೆಗಳವರು ಎತ್ತಲಾಗದ ತಮ್ಮ ದಿಮ್ಮಿಗಳ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಗಿರಿಜಾಬಾಯಿ ಗಳವನ್ನು ದರದರ ಎಳೆದುಕೊಂಡು ಬಂದು, ಅಡ್ಡಕೋಲಿನ ಮುಂದೆ ನಿಂತಳು. ಆಚೆ ಬದಿಗೆ ರಜಾಕ ಕಬ್ಬು ಹಿಡಿದಿದ್ದ. ಅಡ್ಡಕೋಲಿನ ಮೇಲಿಂದ ಸೊಂಡಿಲು ಚಾಚಿ ಕಬ್ಬು ತಗೊಂಡಳು. ಕೋಲು ಅಲುಗಲಿಲ್ಲ.

"ದಾಟ್ಯಾರ!" ಎಂದರು ಬಸಲಿಂಗಯ್ಯ.

ಚನಬಸಪ್ಪನಿಗೆ ತಡೆಯಲಾಗಲಿಲ್ಲ. "ಅಲ್ರೀ ಸಾಹೇಬ್ರ, ನಾಕೂ ಕಾಲು ನೆಲದ ಮ್ಯಾಲೇ ಅದಾವಲ್ರೀ?"

"ಅದಕ್ಕ ಅಲ್ಲೇನ್ರೀ ಮಾಸ್ತರ, ಇದು ಸುರಕ್ಷಿತ ಜಿಗಿತ ಆಗಿದ್ದು?"

ಆಗ ಜನರ ನಡುವಿನಿಂದ ತಾಜುದ್ದೀನ ಓಡಿ ಬಂದ. ಕೈಯಲ್ಲಿ ಹಳೆಯ ಬಿದಿರು. ಯಾರಿಗೂ ಕೂಗಲು ಪುರಸೊತ್ತು ಸಿಗಲಿಲ್ಲ. ಬಿದಿರು ಊರಿತು, ಬಾಗಿತು, ಹುಡುಗ ಎದ್ದ. ಅಡ್ಡಕೋಲು ಕೆಳಗೇ ಉಳಿಯಿತು. ಅವನ ನೆರಳು ಗಿರಿಜಾಬಾಯಿಯ ಬೆನ್ನ ಮೇಲಿಂದ ಹಾದುಹೋಯಿತು. ಜಿಲ್ಲೆಯಲ್ಲಿ ಯಾರೂ ಅಷ್ಟು ಎತ್ತರ ಹೋಗಿರಲಿಲ್ಲ. ಜಲ್ಲಿಯ ಮೇಲೆ ಬಿದ್ದು, ಮಂಡಿ ಕೆತ್ತಿಕೊಂಡು, ನಗುತ್ತ ಎದ್ದು ನಿಂತ. ಚನಬಸಪ್ಪ ಸೀಟಿ ಊದುವುದನ್ನು ಮರೆತ.

ಬಸಲಿಂಗಯ್ಯ ಮೆಲ್ಲಗೆ ಕೇಳಿದರು: "ಮಾಸ್ತರ, ಈಗ ಯಾರರೆ ಹಗುರ ಗಳದಿಂದ ಜಿಗದ್ರೇನು? ಜಿಗದಿದ್ರ ನಿಮ್ಮ ಶಾಲಿ ಪಂದ್ಯದಿಂದ ಹೊರಗ."

ಹೆಡ್‌ಮಾಸ್ತರರು ಢಾಲನ್ನು ನೋಡಿದರು, ಆಮೇಲೆ ಚನಬಸಪ್ಪನನ್ನು ನೋಡಿದರು. ಚನಬಸಪ್ಪ ತಾಜುದ್ದೀನನನ್ನು ನೋಡಲಿಲ್ಲ.

"ಇಲ್ರೀ," ಎಂದ. "ಗಾಳಿ ಬೀಸ್ತು."

ಬಸಲಿಂಗಯ್ಯ ಗಾಳಿಗೆ ತಾಕೀತು ಮಾಡಿದರು. ಢಾಲು ಶಾಲೆಗೆ ಬಂದಿತು.

ವಿದ್ಯಾರ್ಥಿನಿಯಾದವಳು ನೌಕರಿ ಮಾಡುವಂತಿಲ್ಲವಾದ್ದರಿಂದ ಡಿಪೋದಲ್ಲಿ ಗಿರಿಜಾಬಾಯಿಯ ಜಾಗ ಖಾಲಿ ಬಿದ್ದಿತು. ಖಾಲಿ ಬಿಟ್ಟರೆ ಹುದ್ದೆಯೇ ರದ್ದಾಗುತ್ತದೆಂದು ಡಿಪೋದವರು ಗಾಬರಿಯಾದರು. ದಿಮ್ಮಿ ಹಿಡಿದು ರೂಢಿ ಇದ್ದವನೆಂದು ತಾಜುದ್ದೀನನನ್ನು ಆ ಜಾಗಕ್ಕೆ ನೇಮಿಸಿದರು. ಕಾಲೇಜೂ ಇಲ್ಲ, ಮಿಲ್ಲೂ ಇಲ್ಲ, ನೇರ ಸರಕಾರಿ ನೌಕರಿ! ಅವನ ಅಪ್ಪ ಓಣಿಗೆಲ್ಲ ಫೇಡೆ ಹಂಚಿದ.

ಕೆಲವು ತಿಂಗಳ ಮೇಲೆ ಚನಬಸಪ್ಪ ಸಂಕೋಚಪಡುತ್ತಲೇ ಅವರ ಮನೆಗೆ ಹೋದ. ತಾಜುದ್ದೀನ ಸರಪಳಿ ಎಳೆದ ಹೆಗಲಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ. ತಾಯಿ ನೂರಜಹಾನ ಚಹಾ ಕೊಟ್ಟಳು. ಅಂಗಳದಲ್ಲಿ ಹಸಿ ಹುಲ್ಲು ಮಾಡಿಗೆ ತಾಗುವಂತೆ ಒಟ್ಟಿತ್ತು.

"ಆ ಹುದ್ದಿಗೆ ದಿನಾ ಬೆಲ್ಲ, ಹುಲ್ಲು ಮಂಜೂರ ಐತಂತ್ರಿ ಮಾಸ್ತರ," ಎಂದಳು ಆಕೆ. "ಬೆಲ್ಲ ಮನಿಗೆ ಆಗ್ತೈತಿ. ಇಷ್ಟ ಹುಲ್ಲು ಏನ್ ಮಾಡೂದ್ರಿ? ವಾಪಸ್ ಕೊಡ್ಲೇನು?"

ಚನಬಸಪ್ಪ ಚಹಾ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದ.

"ಕೊಡಬ್ಯಾಡ್ರಿ," ಎಂದ. "ಮುಂದಿನ ವರ್ಷ ಕಡಿಮಿ ಮಾಡಿಬಿಡ್ತಾರ."

ಅದು ಸರಿಯಾದ ಮಾತೆಂದು ನೂರಜಹಾನ ಒಪ್ಪಿದಳು. ಒಳಗಿನಿಂದ ತಾಜುದ್ದೀನನೂ ಹೂಂ ಎಂದ.