ಸೀರೆ ಉಡುವಾಗ ಬೀಳುವ ಕರ್ನೆಲ್

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ನಾನು ಎಪ್ಪತ್ತು ದಾಟಿದೆ. ಕಡಿಮೆಯಾದದ್ದು ಹಲ್ಲು ಮಾತ್ರ, ಮಕ್ಕಳೇ. ಶಾಲೆಯಲ್ಲಿ ಇನ್‌ಸ್ಪೆಕ್ಟರು ಹೆಸರು ಕೇಳಿದಾಗ ಬಾಗಿಲ ಹಿಂದೆ ಹೋಗಿ ನಿಂತು ಉತ್ತರ ಕೊಟ್ಟವಳು ನಾನು. ಮದುವೆಯಾದ ಮೇಲೆ ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದ ಮನೆಯ ಗಿರಿಜಕ್ಕನ ಮುಖ ನೋಡುತ್ತಿದ್ದೆ. ಅವಳು ಗಟ್ಟಿಯಾಗಿ ಹೇಳುತ್ತಿದ್ದಳು. ಅಂಗಡಿಯವನು ನಿಮ್ಮ ಅಜ್ಜಯ್ಯನನ್ನು ಬಹಳ ಕಾಲ ಗಿರಿಜಕ್ಕನ ಗಂಡನೆಂದೇ ತಿಳಿದಿದ್ದ. ಈಗ ಅವರು ಗೋಡೆಯ ಮೇಲೆ ಫೋಟೋ ಆಗಿದ್ದಾರೆ. ಆ ಫೋಟೋದ ಎದುರು ಸೀರೆ ಬದಲಿಸಲೂ ನನಗೆ ಸಂಕೋಚ, ಮೂಲೆಗೆ ಸರಿಯುತ್ತೇನೆ.

ಇಂಥವಳ ಕೋಣೆಗೇ ನನ್ನ ಹಿರಿ ಮೊಮ್ಮಗಳು, ನಿಮ್ಮ ರಮ್ಯಕ್ಕ, ಒಂದು ಪೆಟ್ಟಿಗೆ ತಂದಿಟ್ಟಳು. ಅವಳು ಕೆಲಸ ಮಾಡುವುದು ಬ್ರಹ್ಮಾವರದ ಒಂದು ಪುಟ್ಟ ಕಂಪನಿಯಲ್ಲಿ. ಟವರು, ಕರೆಂಟು ಎಲ್ಲ ಕೈಕೊಟ್ಟ ದಿನವೂ ಮನೆಯಿಂದ ಮನೆಗೆ ಸುದ್ದಿ ದಾಟಿಸುವ ಪೆಟ್ಟಿಗೆಗಳಂತೆ. ಒಂದು ಗಿರಿಜಕ್ಕನ ಮನೆಗೆ, ಒಂದು ಕೊಟ್ಟಿಗೆಗೆ, ಒಂದು ತೋಟದ ಪಂಪ್‌ಶೆಡ್ಡಿಗೆ. ನಡುವಿನದ್ದು ನನಗೆ. ಎರಡು ಕೊಂಬು, ಒಂದು ಹಸಿರು ದೀಪ.

"ಅಮ್ಮಮ್ಮಾ, ಸ್ವಿಚ್ ಮಾತ್ರ ಮುಟ್ಟೂಕಾಗ."

"ಇದ್ ಎಂತಕ್ಕೆ ಮಿಣಿ ಮಿಣಿ ಮಾಡತ್ತ್? ನನ್ನೇ ಕಂಡಂಗ್ ಆತ್ತ್."

"ಅದಕ್ಕೆ ಕಣ್ಣಿಲ್ಲ ಮಾರಾಯ್ತಿ!"

ಕಣ್ಣಿಲ್ಲದವರು ಹಾಗೆ ಮಿಟುಕಿಸುತ್ತಾರೆಯೇ? ಆದರೂ ಸ್ವಿಚ್ಚನ್ನು ದೇವರಾಣೆ ಮುಟ್ಟಲಿಲ್ಲ.

ಪೆಟ್ಟಿಗೆಗಳು ಮೊದಮೊದಲು ಚೆನ್ನಾಗಿಯೇ ಮಾತಾಡಿಕೊಂಡವು. ಆಮೇಲೆ ನನ್ನ ಕೋಣೆಯದ್ದಕ್ಕೆ ಮೂರ್ಛೆರೋಗ ಹತ್ತಿತು. ಕರ್ನೆಲ್ ಕ್ರ್ಯಾಶ್ ಎನ್ನುತ್ತಿದ್ದಳು ರಮ್ಯ. ಕರ್ನೆಲ್ ಎಂದರೆ ಪೆಟ್ಟಿಗೆಯೊಳಗಿನ ಯಜಮಾನನಂತೆ. ಅವನು ಬಿದ್ದರೆ ಮನೆಯೇ ಬಿದ್ದ ಹಾಗೆ. ಲ್ಯಾಪ್‌ಟಾಪಿನ ತುಂಬ ಅವನ ಕೊನೆಯ ಗೋಳು ಸಾಲುಸಾಲಾಗಿ ಬರುತ್ತಿತ್ತು. ರಮ್ಯ ಅದನ್ನು ಓದುತ್ತ ಕೂತರೆ ಬಂಗುಡೆ ಸಾರು ತಟ್ಟೆಯಲ್ಲೇ ಕೆನೆಗಟ್ಟುತ್ತಿತ್ತು. ಇದು ಅವಳೊಬ್ಬಳನ್ನೇ ನಂಬಿ ಕೊಟ್ಟ ಮೊದಲ ಕೆಲಸ. ಸೋಮವಾರ ಕಂಪನಿಯ ಯಜಮಾನರು ನೋಡಲು ಬರುವವರಿದ್ದರು. ಆಗಲೂ ಬಿದ್ದರೆ ಕೆಲಸ ಬೇರೆಯವರ ಕೈಗೆ.

"ಹ್ವಾಯ್, ಇವತ್ತೂ ಸತ್ತೋಯ್ತಾ ನಿನ್ ಪೆಟ್ಗಿ?" ಗಿರಿಜಕ್ಕ ಬೇಲಿಯಾಚೆಯಿಂದ ವಿಚಾರಿಸಿದಳು.

"ಹ್ಞೂಂ. ಅಮ್ಮಮ್ಮ ಮಿಂದ್ ಬಂದ್ ಕೂಡ್ಲೆ ಬೀಳತ್ತ್."

"ಹಂಗಾರೆ ಅವ್ಳ್ ಸೋಪ್ ಬದ್ಲ್ ಮಾಡ್, ಕಾಂಬ!"

ನನಗೆ ಸಿಟ್ಟು ಬಂತು. ಒಳ್ಳೆಯ ಗಂಧದ ಸೋಪು ಅದು.

ಮರುದಿನ ನಾನು ಮಿಂದು ಕೋಣೆ ಸೇರಿದಾಗ ರಮ್ಯ ಲ್ಯಾಪ್‌ಟಾಪ್ ಹಿಡಿದು ಬಾಗಿಲ ಹೊರಗೆ ಹೊಂಚು ಹಾಕಿದ್ದಳು. ನನಗೆ ಗೊತ್ತಿರಲಿಲ್ಲ. "ಕಾಣೆ ಆಯ್ತ್! ಎಲ್ಲಾ ಕಾಣೆ ಆಯ್ತ್!" ಎಂದು ಕೂಗುತ್ತ ಬಾಗಿಲು ತಳ್ಳಿಯೇ ಬಿಟ್ಟಳು.

"ನಿಲ್ಲ್ ಹೆಣ್ಣೇ! ಸೀರೆ ಉಡ್ತಾ ಇದ್ದೆ!"

ಅವಳು ನೋಡುತ್ತಿದ್ದುದು ನನ್ನನ್ನಲ್ಲ. ಮೇಜಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಅಲ್ಲಿ ನಮ್ಮ ದೊಡ್ಡ ಅಲ್ಯುಮಿನಿಯಂ ಪಾತ್ರೆ ಬೋರಲು ಬಿದ್ದಿತ್ತು.

"ಇದ್ ಎಂತಕ್ಕೆ?"

"ಅದ್ರ ಎದ್ರಿಗೆ ಸೀರೆ ಉಡೂಕೆ ನಂಗ್ ನಾಚ್ಕಿ ಆತ್ತ್. ಬಟ್ಟೆ ಹೊದ್ಸಿ ಕಂಡೆ, ಬೆಳ್ಕ್ ಹೊರ್ಗ್ ಬತ್ತ್."

ಬೈಯುತ್ತಾಳೆಂದುಕೊಂಡೆ. ಅವಳು ನನ್ನನ್ನು ಅರ್ಧ ಸೀರೆಯಲ್ಲೇ ತಬ್ಬಿಕೊಂಡು, "ನಿಮ್ಮಂಥ ಟೆಸ್ಟರ್ ಎಲ್ಲೂ ಸಿಕ್ಕುಕಿಲ್ಲ ಅಮ್ಮಮ್ಮಾ!" ಎಂದು ಕುಣಿದಳು.

ಟೆಸ್ಟರ್ ಎಂದರೆ ತಪ್ಪು ಹುಡುಕಿಕೊಡುವವರಂತೆ. ಆಮೇಲೆ ಬಿಡಿಸಿ ಹೇಳಿದಳು. ಪಾತ್ರೆಯೊಳಗೆ ಸಿಕ್ಕಿಬಿದ್ದ ಪೆಟ್ಟಿಗೆಗೆ ನೆರೆಯ ಪೆಟ್ಟಿಗೆಗಳ ಸದ್ದು ಕೇಳಿಸುವುದಿಲ್ಲ. ಎಲ್ಲರೂ ಸತ್ತರೆಂದು ಅದು ಅವರ ವಿಳಾಸ ಅಳಿಸಿಬಿಡುತ್ತದೆ. ಅವರಿಗೆ ಕೊಡಬೇಕಾದ ಸುದ್ದಿ ಮಾತ್ರ ಅದರ ಕೈಯಲ್ಲೇ ಉಳಿದಿರುತ್ತದೆ. ನಾನು ಸೀರೆ ಉಟ್ಟು ಪಾತ್ರೆ ಎತ್ತಿದೊಡನೆ ಸತ್ತವರೆಲ್ಲ ಒಟ್ಟಿಗೆ ಮಾತಾಡಿಸುತ್ತಾರೆ. ಸುದ್ದಿ ಕೊಡಲು ಹೋಗಿ, ಅಳಿಸಿದ ವಿಳಾಸಕ್ಕೇ ಕೈ ಹಾಕಿ ಕರ್ನೆಲ್ ಧೊಪ್ಪೆಂದು ಬೀಳುತ್ತದೆ. ನನಗೆ ಚೆನ್ನಾಗಿ ಅರ್ಥವಾಯಿತು. ತಿಥಿಯ ಊಟಕ್ಕೆ ಎಲೆ ಹಾಕಿದಾಗ ಸತ್ತವನೇ ಬಂದು ಪಂಕ್ತಿಯಲ್ಲಿ ಕೂತರೆ ಯಾವ ಯಜಮಾನ ತಾನೇ ನಿಂತಿರುತ್ತಾನೆ?

ತಪ್ಪು ಇದ್ದದ್ದು ಅವಳು ಕಂಪ್ಯೂಟರಿನಲ್ಲಿ ಬರೆದ ಕೋಡ್‌ನಲ್ಲೇ. ನನ್ನ ಪಾತ್ರೆ ಅದನ್ನು ಹೊರಗೆಡವಿತ್ತು ಅಷ್ಟೆ. ಅವಳು ತಿದ್ದುವುದು, ನಾನು ಮುಚ್ಚಿ ತೆಗೆಯುವುದು, ಅದು ಬೀಳುವುದು, ಅವಳು ಮತ್ತೆ ತಿದ್ದುವುದು. ಭಾನುವಾರ ನಮ್ಮ ಮನೆಯಲ್ಲಿ ಗಂಜಿ ಬಿಟ್ಟರೆ ಬೇರೇನೂ ಬೇಯಲಿಲ್ಲ. ಪಾತ್ರೆ ಕಚೇರಿ ಕೆಲಸದಲ್ಲಿತ್ತಲ್ಲ.

ಸೋಮವಾರ ಯಜಮಾನರು ಬಂದರು. ಕತೆ ಕೇಳಿ ನಕ್ಕು, "ಅಮ್ಮ, ನೀವೇ ಒಮ್ಮೆ ಮುಚ್ಚಿ ತೆಗೀನಿ, ಕಾಂಬ" ಎಂದರು. ಪರಗಂಡಸಿನ ಎದುರು! ನಾನು ಬಾಗಿಲ ಮರೆಯಲ್ಲಿ ನಿಂತು ಕೈ ಮಾತ್ರ ಒಳಗೆ ಚಾಚಿ ಪಾತ್ರೆ ಕವುಚಿದೆ. ರಮ್ಯಳ ಉಸಿರಾಟ ನಿಂತದ್ದು ನನಗೆ ಕೇಳಿಸಿತು. ಎತ್ತಿದೆ. ಹಸಿರು ದೀಪ ಏನೂ ಆಗದವರ ಹಾಗೆ ಮಿಟುಕಿಸುತ್ತಲೇ ಇತ್ತು. ಇನ್ನೊಮ್ಮೆ ಮುಚ್ಚಿದೆ, ಎತ್ತಿದೆ. ಜಗ್ಗಲಿಲ್ಲ. ಮುಂದಿನ ಕೆಲಸವೂ ರಮ್ಯಳಿಗೇ ಎಂದರು ಯಜಮಾನರು.

ಮನೆಮಂದಿಗೆಲ್ಲ ಖುಷಿ. ನನಗೂ ಖುಷಿಯೇ, ಇಲ್ಲವೆನ್ನುವುದಿಲ್ಲ. ಆದರೂ ನಿಮ್ಮಲ್ಲಿ ಮಾತ್ರ ಹೇಳುತ್ತೇನೆ ಮಕ್ಕಳೇ: ಹುಟ್ಟಿದ ಮೇಲೆ ನಾನು ಸೀರೆ ಉಟ್ಟು ನಿಂತಾಗ ಮೂರ್ಛೆ ಹೋದದ್ದು ಆ ಪೆಟ್ಟಿಗೆಯೊಂದೇ. ಅದನ್ನೂ ನಿಮ್ಮ ರಮ್ಯಕ್ಕ ರಿಪೇರಿ ಮಾಡಿಬಿಟ್ಟಳು.