ಹೆಬ್ಬಾತಿನ ರಕ್ತ, ಅಜ್ಜಿಯ ರಕ್ತ

ರಕ್ತ ತೆಗೆಯೋ ಕೆಲಸದಲ್ಲಿ ನಗೋದಕ್ಕೇನಿರ್ತದೆ ಅಂತ ಜನ ಕೇಳ್ತಾರೆ. ಅಯ್ಯೋ, ನಾನು ಸೂಜಿ ಹಿಡಿದು ಹೋದಲ್ಲೆಲ್ಲ ಏನಾದರೊಂದು ನಡೆದೇ ನಡೀತಿತ್ತು. ಎಂಬತ್ತರ ದಶಕ. ಧಾರವಾಡ ಬಿಟ್ಟು ಗಂಡನ ಬ್ಯಾಂಕ್ ವರ್ಗಾವಣೆಯ ಬೆನ್ನು ಹತ್ತಿ ನಾಗಪುರಕ್ಕೆ ಬಂದ ನಾನು ರಾಮದಾಸಪೇಠಿನ ಸಣ್ಣ ಲ್ಯಾಬೊಂದರಲ್ಲಿ ಸೊಳ್ಳೆ ಜ್ವರಗಳ ರಕ್ತಪರೀಕ್ಷೆ ಮಾಡ್ತಿದ್ದೆ. ಈಗ ನೆನೆಸಿಕೊಂಡರೆ ಅದೆಲ್ಲ ಅರೆನಿದ್ದೆಯಲ್ಲಿ ಕಂಡದ್ದೇನೋ ಅನಿಸ್ತದೆ.

೧. ಅಂಗಳದ ಇಬ್ಬರು

ನಮ್ಮ ಪರೀಕ್ಷೆಗೆ ಹೆಬ್ಬಾತಿನ ರಕ್ತ ಬೇಕಾಗ್ತಿತ್ತು. ರೋಗಿಯ ರಕ್ತದ ತಿಳಿನೀರಿಗೆ ವೈರಸ್ಸು ಬೆರೆಸಿ, ಮೇಲೆ ಹೆಬ್ಬಾತಿನ ಕೆಂಪು ಕಣ ಹಾಕಿ ಇಡೋದು. ಕಣ ತಳದಲ್ಲಿ ಕೂತು ಕುಂಕುಮದ ಬೊಟ್ಟಿನಂತೆ ಕಂಡರೆ ಆ ಜ್ವರ ತಗುಲಿದೆ ಅಂತ ಅರ್ಥ. ಹೆಬ್ಬಾತು ಮಾತ್ರ ಗಂಡೇ ಆಗಬೇಕು, ಮೊಟ್ಟೆ ಇಡೋ ಹೆಣ್ಣಿನ ರಕ್ತ ನಂಬೋ ಹಾಗಿಲ್ಲ ಅಂತಿದ್ದರು ನಮ್ಮ ಡಾಕ್ಟರ್ ಸಾಹೇಬರು. ಸಾವನೇರ್ ಕಡೆಯಿಂದ ಎರಡು ತರಿಸಿದ್ದರು. "ಎರಡೂ ಗಂಡೇ ಸಾಹೇಬ್, ಬರೋಬರ್ ನೋಡೀನಿ" ಅಂತ ಮಾರಿದವ ಆಣೆ ಮಾಡಿದ್ದ.

ಬೆಳಗಿನ ಮಂಜಿನಲ್ಲಿ ಆ ಎರಡು ಬೆಳ್ಳಗಿನ ಹಕ್ಕಿ ತೇಲಿದಂತೆ ನಡೆದು ಬರೋದನ್ನ ನೋಡ್ತಾ ನಾನು ಕೆಲಸವನ್ನೇ ಮರೀತಿದ್ದೆ. ಹತ್ತಿರ ಬಂದವೋ, ಸಾಹೇಬರ ಮೊಣಕಾಲಿಗೇ ಬಾಯಿ! "ನಾವು ಅವರ ರಕ್ತ ತಗೋತೀವಿ, ಅವರು ನಮ್ಮದು. ಹಿಸಾಬ್ ಬರೋಬರ್" ಅಂತ ಸಾಹೇಬರು ಟಿಂಚರ್ ಹಚ್ಚಿಕೊಳ್ತಿದ್ದರು.

೨. ಅದು ಏನು ತಿಂತೈತಿ?

ದೀಪಾವಳಿ ಮುಂದೆ ಪ್ರತಾಪ ನಗರದ ಒಂದು ಓಣಿಯಲ್ಲಿ ಮೈಕೈ ಮುರಿಯೋ ಜ್ವರ ಎದ್ದಿತು. ಮೊದಲು ಮಲಗಿದವರು ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ. ರಕ್ತ ತಗೊಳ್ಳೋಕೆ ಹೋದ ನನ್ನ ಬಾಯಲ್ಲಿ ಹೆಬ್ಬಾತಿನ ಸುದ್ದಿ ಕೇಳಿದ್ದೇ ತಡ, ಸೆರಗಿನೊಳಗೆ ಕೈ ಮುಚ್ಚಿಕೊಂಡರು.

"ನನ್ನ ರಕ್ತದಾಗ ಅದರ ರಕ್ತ ಕೂಡಸ್ತೀರಿ? ಅದು ಏನು ತಿಂತೈತಿ? ಮೀನಾ?"

"ಇಲ್ಲರಿ ಅಜ್ಜಿ. ಹುಲ್ಲು, ನೆನಸಿದ ಜೋಳ."

ಅಜ್ಜಿ ಯೋಚನೆ ಮಾಡಿದರು. "ಉಳ್ಳಾಗಡ್ಡಿ?"

"ಮುಟ್ಟಂಗಿಲ್ಲರಿ."

"ಹಂಗಾದ್ರ ನನ್ನ ಮಗನಿಗಿಂತ ಛಲೋ ಐತಿ. ತಗೋ."

೩. ಆರಾಮ ಆದದ್ದಕ್ಕೆ ದಂಡ

ಒಂದು ರಕ್ತದಿಂದ ಏನೂ ಖಾತ್ರಿ ಆಗೋದಿಲ್ಲ. ಜ್ವರ ಇದ್ದಾಗ ಒಂದು, ಇಳಿದು ಎರಡು-ಮೂರು ವಾರಕ್ಕೆ ಇನ್ನೊಂದು, ಎರಡನ್ನೂ ಹೋಲಿಸಬೇಕು. ಖಾತ್ರಿ ಆಗೋತನಕ ಓಣಿಗೆ ಸೊಳ್ಳೆಹೊಗೆ ಬಿಡೋ ಗಾಡಿ ಕಳಿಸೋದಿಲ್ಲ ಅಂತ ಮೇಲಿನವರು ಕೂತಿದ್ದರು. ಓಣಿಯ ಮಕ್ಕಳು ಒಬ್ಬರ ಹಿಂದೊಬ್ಬರು ಮಲಗ್ತಿದ್ದವು. ಮೊದಲು ಜ್ವರ ಇಳಿದದ್ದು ಅಜ್ಜಿಗೇ. ಅಜ್ಜಿಯ ಎರಡನೇ ರಕ್ತದ ಮೇಲೆ ಎಲ್ಲ ನಿಂತಿತ್ತು.

ಮೂರು ವಾರ ಬಿಟ್ಟು ಹೋದರೆ ಅಜ್ಜಿ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿದರು. "ಜ್ವರ ಬಂದಾಗ ಕೊಟ್ಟೀನಿ. ಈಗ ಗಟ್ಟಿಮುಟ್ಟಾಗಿ ಅಡ್ಡಾಡೋ ಆಕೀನ್ನ ಚುಚ್ಚತೀಯೇನ ತಂಗಿ? ಆರಾಮ ಆಗಿದ್ದಕ್ಕ ದಂಡ ಕಟ್ಟಬೇಕೇನು?"

೪. ಬಾಣಂತಿ

ಮರುದಿನ ಬೆಳಿಗ್ಗೆ ಅಂಗಳದ ಹುಲ್ಲಿನಲ್ಲಿ ಒಂದು ಮೊಟ್ಟೆ! ಅಷ್ಟು ದೊಡ್ಡದು, ಅಷ್ಟು ಬೆಳ್ಳಗೆ. ನಾನು ಮೈಮರೆತು ನೋಡ್ತಾ ನಿಂತೆ. ಸಾಹೇಬರು "ಅರೇ ದೇವಾ!" ಅಂತ ತಲೆ ಮೇಲೆ ಕೈ ಹೊತ್ತು ಕೂತರು. ಅಜ್ಜಿಯ ರಕ್ತವೂ ಇಲ್ಲ, ಹಕ್ಕಿಯ ರಕ್ತಕ್ಕೂ ನಂಬಿಕೆ ಇಲ್ಲ.

ಇನ್ನೊಮ್ಮೆ ಕಾಲು ಹಿಡಿದಾದರೂ ಕೇಳೋಣ ಅಂತ ಹೋದವಳು, ದುಃಖದಲ್ಲಿ ಮೊಟ್ಟೆಯ ಸುದ್ದಿಯನ್ನೂ ಹೇಳಿಬಿಟ್ಟೆ. ಅಜ್ಜಿ ಎದ್ದೇ ನಿಂತರು. "ಅಯ್ಯ ನಮ್ಮವ್ವ! ಬಸರಿ ರಕ್ತ ತಗದೀರಿ? ನಡಿ, ರಿಕ್ಷಾ ಕರಿ!"

ಮಧ್ಯಾಹ್ನ ಲ್ಯಾಬಿನ ಅಂಗಳಕ್ಕೆ, ಹೆತ್ತವರಿಗೆ ತಿನ್ನಿಸೋ ಅಂಟಿನುಂಡಿಯ ಡಬ್ಬಿ ಸಮೇತ ಅಜ್ಜಿ ಬಂದರು. ಉಂಡಿ ಮುರಿದು, ಮೊಟ್ಟೆ ಕಾಯ್ತಿದ್ದ ಬಾಣಂತಿಯ ಮುಂದಿಟ್ಟು, ಕಟ್ಟೆಯ ಮೇಲೆ ಕೂತು ನನಗೆ ತೋಳು ಚಾಚಿದರು. "ನನ್ನದು ಬೇಕಾದಷ್ಟು ತಗೋ. ಆಕಿ ಮೈ ಮುಟ್ಟಿದ್ರ ನೋಡು ಮತ್ತ!"

ಆ ರಕ್ತದಿಂದಲೇ ಖಾತ್ರಿ ಆಗಿ ಆಮೇಲೆ ಓಣಿಗೆ ಹೊಗೆ ಗಾಡಿ ಬಂತು, ಮಕ್ಕಳು ಎದ್ದು ಆಡಿದವು. ಆದರೆ ಅಜ್ಜಿ ತೋಳು ಚಾಚಿದ ಆ ಹೊತ್ತಿಗೆ ಸಾಹೇಬರು ಇನ್ನೂ ತಲೆ ಹಿಡಿದೇ ಕೂತಿದ್ದರು. "ಅಜ್ಜೀದು ಸಿಕ್ತು, ಗಂಡು ಹೆಬ್ಬಾತು ಎಲ್ಲಿಂದ ತರೋದು?"

ಅವರ ಮರಾಠಿ ಮಾತನ್ನ ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅಜ್ಜಿ ಮೂಲೆಯಲ್ಲಿ ಸುಮ್ಮನೆ ಕತ್ತು ಬಗ್ಗಿಸಿ ನಿಂತಿದ್ದ ಇನ್ನೊಂದು ಹಕ್ಕಿಯ ಕಡೆ ಬೊಟ್ಟು ಮಾಡಿದರು.

"ಮಾಡೋದೆಲ್ಲಾ ಮಾಡಿ ಹೆಂಗ ನಿಂತಾನ ನೋಡು, ಏನೂ ಅರಿಯದವನಂಗ. ಅವಗ ಚುಚ್ಚರಿ!"